ಅಂಕ ಕೊಡುವವರ ಪಾಲು

ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗಲು ಮೂರು ದಿನ ಬಾಕಿಯಿದ್ದಾಗ, 2024ರ ಜುಲೈ 23ರಂದು, ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್ ಸ್ಪರ್ಧೆಯಿಂದ ಹಿಂದೆ ಸರಿದರು. ಡ್ರೆಸ್ಸೇಜ್ ಎಂಬ ಕುದುರೆ ಸವಾರಿಯ ಕ್ರೀಡೆಯಲ್ಲಿ ಮೂರು ಚಿನ್ನವೂ ಸೇರಿ ಆರು ಒಲಿಂಪಿಕ್ ಪದಕ ಗೆದ್ದವರು ಅವರು. ಹಿಂದೆ ಸರಿಯಲು ಕಾರಣ ಒಂದು ವಿಡಿಯೊ. ಅದರಲ್ಲಿ ಅವರು ನೆಲದ ಮೇಲೆ ನಿಂತು, ಶಿಷ್ಯೆ ಏರಿ ಕೂತಿದ್ದ ಕುದುರೆಯ ಕಾಲುಗಳಿಗೆ ಉದ್ದನೆಯ ಚಾಟಿಯಿಂದ ಮತ್ತೆ ಮತ್ತೆ ಹೊಡೆಯುತ್ತಿದ್ದರು. ತಪ್ಪನ್ನು ಒಪ್ಪಿಕೊಂಡರು. ಅಂತರರಾಷ್ಟ್ರೀಯ ಈಕ್ವೆಸ್ಟ್ರಿಯನ್ ಫೆಡರೇಷನ್, ಅಂದರೆ ಎಫ್‌ಇಐ, ಒಂದು ವರ್ಷ ಅಮಾನತು ಮಾಡಿ 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಪತ್ರಿಕೆಗಳು ಒಂದು ವಾರ ಬೈದು ಸುಮ್ಮನಾದವು. ಬೈಗುಳವೆಲ್ಲ ಒಬ್ಬರ ಮೇಲೆ ಬಿದ್ದದ್ದು ಅನೇಕರಿಗೆ ಅನುಕೂಲವೂ ಆಯಿತು. ವಿಡಿಯೊ ಹೊರಬೀಳುವ ಹೊತ್ತಿಗೆ ಆ ಘಟನೆ ನಡೆದು ವರ್ಷಗಳೇ ಕಳೆದಿದ್ದವು. ಅದು ನಡೆದದ್ದು ಖಾಸಗಿ ಅಂಗಳದಲ್ಲಿ, ಒಂದು ಪಾಠದ ನಡುವೆ. ಅಲ್ಲಿ ತೀರ್ಪುಗಾರರಿರಲಿಲ್ಲ, ಪಶುವೈದ್ಯರಿರಲಿಲ್ಲ, ನಿಯಮಪುಸ್ತಕವೂ ಇರಲಿಲ್ಲ. ಇದ್ದದ್ದು ಯಾರದೋ ಮೊಬೈಲ್ ಫೋನು ಮಾತ್ರ. ಕ್ರೀಡೆಯನ್ನು ಆಳುವ ಸಂಸ್ಥೆ ಸ್ಪರ್ಧೆಯ ಆರೇಳು ನಿಮಿಷಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ, ಆ ಆರೇಳು ನಿಮಿಷ ತಯಾರಾಗುವ ವರ್ಷಗಳತ್ತ ತಲೆ ಹಾಕುವುದಿಲ್ಲ. ಇದನ್ನು ಒಬ್ಬ ಸವಾರೆಯ ಸ್ವಭಾವದೋಷ ಎಂದುಕೊಂಡರೆ ಮುಖ್ಯ ಪ್ರಶ್ನೆ ತಪ್ಪಿಹೋಗುತ್ತದೆ. ಕುದುರೆಗೆ ಏನು ಮಾಡಿದರೆ ಗೆಲ್ಲಬಹುದು ಎಂಬುದನ್ನು ತೀರ್ಮಾನಿಸುವುದು ಅಂಕಪಟ್ಟಿ. ಹಿಂಸೆಯ ಲೆಕ್ಕ ಕೇಳುವವರು ಮೊದಲು ಆ ಅಂಕಪಟ್ಟಿಯ ಮುಂದೆ ನಿಲ್ಲಬೇಕು.

ಯುರೋಪಿನ ಶ್ರೀಮಂತರ ಈ ಜಗಳ ನಮಗೇಕೆ ಎನ್ನುವಂತಿಲ್ಲ. 2023ರ ಸೆಪ್ಟೆಂಬರ್ 26ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸ್ಸೇಜ್ ತಂಡ ವಿಭಾಗದಲ್ಲಿ ಭಾರತಕ್ಕೆ ಚಿನ್ನ ಬಂತು. ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ ಗೆದ್ದುಕೊಟ್ಟ ಆ ಪದಕ ಕುದುರೆ ಸವಾರಿಯಲ್ಲಿ ನಲವತ್ತೊಂದು ವರ್ಷಗಳ ನಂತರ ದೇಶಕ್ಕೆ ಸಿಕ್ಕ ಚಿನ್ನ. ಎರಡು ದಿನಗಳ ಬಳಿಕ ಅನುಷ್‌ಗೆ ವೈಯಕ್ತಿಕ ಕಂಚೂ ಬಂತು; ಮರುವರ್ಷ ಪ್ಯಾರಿಸ್‌ನಲ್ಲಿ ಅವರು ಒಲಿಂಪಿಕ್ ಡ್ರೆಸ್ಸೇಜ್‌ಗೆ ಇಳಿದ ಮೊದಲ ಭಾರತೀಯರಾದರು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಕೂಟದಲ್ಲಿ ಎರಡು ಬೆಳ್ಳಿ ತಂದು, ಟೋಕಿಯೊ ಒಲಿಂಪಿಕ್ಸ್‌ನ ಫೈನಲ್ ತಲುಪಿದ್ದು ಈವೆಂಟಿಂಗ್‌ನಲ್ಲಿ. ಅದರ ಮೊದಲ ಸುತ್ತು ಡ್ರೆಸ್ಸೇಜೇ. ಬೆಂಗಳೂರಿನ ಸುತ್ತಮುತ್ತ ಸವಾರಿ ಶಾಲೆಗಳು ತಲೆಯೆತ್ತಿವೆ, ಮಧ್ಯಮವರ್ಗದ ಮಕ್ಕಳೂ ಜೀನಿನ ಮೇಲೆ ಕೂರುತ್ತಿದ್ದಾರೆ. ಈ ಕ್ರೀಡೆ ನಮ್ಮಲ್ಲಿ ಬೇರು ಬಿಡುತ್ತಿರುವ ಹೊತ್ತೇ ಅದು ಹುಟ್ಟಿದ ನಾಡಿನಲ್ಲಿ ಮಾನ ಕಳೆದುಕೊಳ್ಳುತ್ತಿರುವ ಹೊತ್ತೂ ಆಗಿದೆ. ತಡವಾಗಿ ಬಂದವರಿಗೆ ಒಂದು ಅನುಕೂಲವಿರುತ್ತದೆ: ಹಿಂದಿನವರು ಎಡವಿದ ಜಾಗ ಕಾಣುತ್ತದೆ.

ಡ್ರೆಸ್ಸೇಜ್ ನಡೆಯುವುದು 60 ಮೀಟರ್ ಉದ್ದ, 20 ಮೀಟರ್ ಅಗಲದ ಮರಳಿನ ಅಂಗಳದಲ್ಲಿ. ಹಾರುವುದಕ್ಕೆ ಬೇಲಿಯಿಲ್ಲ, ಓಡುವುದಕ್ಕೆ ಗುರಿಗೆರೆಯಿಲ್ಲ. ಕುದುರೆ ನಿಗದಿಯಾದ ಚಲನೆಗಳನ್ನು ಒಂದರ ಹಿಂದೊಂದು ತೋರಿಸಬೇಕು: ಅಡ್ಡಡ್ಡ ಸರಿಯುವುದು, ಹಿಂಗಾಲನ್ನೇ ಕೇಂದ್ರ ಮಾಡಿಕೊಂಡು ಸುತ್ತುವುದು, ನಿಂತಲ್ಲೇ ಕುಣಿಯುವ ಪಿಯಾಫ್, ಗಾಳಿಯಲ್ಲಿ ತೂಗಿದಂತೆ ಹೆಜ್ಜೆಯಿಡುವ ಪಸಾಜ್. ಸುತ್ತ ಕೂತ ತೀರ್ಪುಗಾರರು, ಒಲಿಂಪಿಕ್ಸ್‌ನಲ್ಲಾದರೆ ಏಳು ಮಂದಿ, ಪ್ರತಿ ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಇದರ ಮೂಲ ಸೇನೆಯ ಕುದುರೆ ಪಳಗಿಸುವ ವಿದ್ಯೆಯಲ್ಲಿದೆ. 1948ರವರೆಗೂ ಒಲಿಂಪಿಕ್ ಡ್ರೆಸ್ಸೇಜ್‌ನಲ್ಲಿ ಸೇನಾಧಿಕಾರಿಗಳಿಗಷ್ಟೇ ಪ್ರವೇಶವಿತ್ತು. ಗೋವಾದ ಬಂದರಿನಲ್ಲಿ ಇಳಿದ ಅರಬ್ಬಿ ಕುದುರೆಗಳಿಗೆ ವಿಜಯನಗರದ ಅರಸರು ಹೊನ್ನು ಸುರಿಯುತ್ತಿದ್ದ ಕಾಲದಲ್ಲಿ ಪಳಗಿಸುವವನ ಕೌಶಲಕ್ಕೆ ರಣರಂಗವೇ ಪರೀಕ್ಷೆ; ತಪ್ಪು ಪಳಗಿಸಿದ ಕುದುರೆ ಸವಾರನ ಪ್ರಾಣಕ್ಕೇ ಎರವಾಗುತ್ತಿತ್ತು. ಇವತ್ತಿನ ಡ್ರೆಸ್ಸೇಜ್‌ಗೆ ಆ ಹೊರಗಿನ ಪರೀಕ್ಷೆ ಉಳಿದಿಲ್ಲ. ಕುದುರೆ ಚೆನ್ನಾಗಿ ಪಳಗಿದೆಯೇ ಎಂದು ಹೇಳಬೇಕಾದದ್ದು ತೀರ್ಪುಗಾರರ ಕಣ್ಣೊಂದೇ. ಪ್ರಶ್ನೆಪತ್ರಿಕೆ ಕೇಳಿದ್ದನ್ನೇ ಟ್ಯೂಷನ್ ಕ್ಲಾಸು ಕಲಿಸುವ ಹಾಗೆ, ಆ ಕಣ್ಣಿಗೆ ಹಿಡಿಸಿದ್ದನ್ನೇ ಲಾಯಗಳು ತಯಾರಿಸುತ್ತವೆ.

ಹಾಗಾದರೆ ಆ ಕಣ್ಣಿಗೆ ಹಿಡಿಸಿದ್ದೇನು? ನಿಯಮದ ಪ್ರಕಾರ ಕುದುರೆಯ ನೆತ್ತಿ ಕತ್ತಿನ ಅತಿ ಎತ್ತರದ ಬಿಂದುವಾಗಿರಬೇಕು, ಮೂಗಿನ ಗೆರೆ ನೆಟ್ಟಗಿನ ಗೆರೆಗಿಂತ ತುಸು ಮುಂದಿರಬೇಕು. ಕತ್ತನ್ನು ಎದೆಯತ್ತ ಮಡಿಸಿ ಮೂತಿಯನ್ನು ಒಳಕ್ಕೆ ತಂದರೆ ಅಂಕ ಕಳೆಯಬೇಕು. ಕಾಗದದ ಮೇಲೆ ಇದರಷ್ಟು ಸೌಮ್ಯವಾದ ಕ್ರೀಡೆ ಇನ್ನೊಂದಿಲ್ಲ. ಕುದುರೆಯನ್ನು ಸಂತೋಷದ ಕ್ರೀಡಾಪಟುವಾಗಿ ಬೆಳೆಸುವುದೇ ಗುರಿ ಎಂದು ಎಫ್‌ಇಐ ನಿಯಮಾವಳಿಯೇ ಸಾರುತ್ತದೆ. ಆದರೆ 1992ರ ಮತ್ತು 2008ರ ಉನ್ನತ ಮಟ್ಟದ ಸ್ಪರ್ಧೆಗಳ ಚಿತ್ರಗಳನ್ನು ಸಂಶೋಧಕರು ಅಳೆದು ಹೋಲಿಸಿದಾಗ ಕಂಡದ್ದು ಬೇರೆ: ಹದಿನಾರು ವರ್ಷಗಳಲ್ಲಿ ಮೂಗು ಗೆರೆಯ ಹಿಂದಕ್ಕೆ ಹೋಗುವುದು ಹೆಚ್ಚಾಗಿತ್ತು. ನಿಯಮ ಇದ್ದಲ್ಲೇ ಇತ್ತು, ಕುದುರೆಯ ಕತ್ತು ಮಾತ್ರ ಜಾಗ ಬಿಟ್ಟಿತ್ತು. ಹಾಗೆ ಕತ್ತು ಮಡಿಸಿದವರು ಮೇಲಿನ ಸ್ಥಾನಗಳಲ್ಲಿ ಕಾಣಿಸಿಕೊಂಡಾಗ ಉಳಿದ ಲಾಯಗಳಿಗೆ ಬೇರೆ ಪಾಠ ಬೇಕಿರಲಿಲ್ಲ. ಕತ್ತನ್ನು ಬಲವಂತವಾಗಿ ಎದೆಗೆ ತಾಗುವಷ್ಟು ಸುತ್ತಿ ಪಳಗಿಸುವ ಪದ್ಧತಿಗೆ ರೋಲ್‌ಕೂರ್ ಎಂಬ ಜರ್ಮನ್ ಹೆಸರು ಅಂಟಿಕೊಂಡಿದೆ. 2009ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಓಡೆನ್ಸೆಯಲ್ಲಿ, ಸ್ಪರ್ಧೆಗೆ ಮುನ್ನ ಮೈ ಬಿಸಿ ಮಾಡಿಸುವ ಅಂಗಳದಲ್ಲಿ, ಹಾಗೆ ಸುತ್ತಿದ್ದ ಕುದುರೆಯೊಂದರ ನಾಲಗೆ ನೀಲಿಗಟ್ಟಿ ಹೊರಗೆ ಜೋತಾಡಿದ ದೃಶ್ಯ ಜಗತ್ತಿನೆಲ್ಲೆಡೆ ಹರಿದಾಡಿತು. 2010ರ ಫೆಬ್ರವರಿಯಲ್ಲಿ ಎಫ್‌ಇಐ ಲೋಸಾನ್‌ನಲ್ಲಿ ಸಭೆ ಕರೆದು, ಆಕ್ರಮಣಕಾರಿ ಬಲದಿಂದ ಕತ್ತು ಮಡಿಸುವುದು ನಿಷಿದ್ಧ, ಬಲವಿಲ್ಲದೆ ತಗ್ಗಿಸಿ ಸುತ್ತಿಕೊಳ್ಳುವುದು ಸಮ್ಮತ ಎಂದು ತೀರ್ಮಾನಿಸಿತು. ನಮ್ಮ ವಕೀಲರು ಮೆಚ್ಚಿ ತಲೆದೂಗುವಂಥ ತೀರ್ಮಾನ. ಲಗಾಮಿನ ಬಲವನ್ನು ಅಳೆಯುವ ಸಾಧನ ಸ್ಪರ್ಧೆಯ ಮೇಲ್ವಿಚಾರಕರ ಕೈಯಲ್ಲಿ ಇರಲಿಲ್ಲ. ಬಲ ಆಕ್ರಮಣಕಾರಿಯೋ ಅಲ್ಲವೋ ಎಂಬುದು ನೋಡುವವರ ಅಭಿಪ್ರಾಯಕ್ಕೆ ಬಿಟ್ಟ ಮಾತಾಯಿತು. ಹದಿನಾಲ್ಕು ವರ್ಷಗಳ ಬಳಿಕ ಪ್ಯಾರಿಸ್‌ನಲ್ಲೂ ಬ್ರೆಜಿಲ್ಲಿನ ಈವೆಂಟಿಂಗ್ ಸವಾರರೊಬ್ಬರಿಗೆ ಇದೇ ಕತ್ತು ಮಡಿಸುವಿಕೆಗಾಗಿ ಎಚ್ಚರಿಕೆ ಕೊಡಬೇಕಾಯಿತು.

ಮೂತಿಪಟ್ಟಿಯ ಕತೆ ಇದಕ್ಕಿಂತ ಸ್ಪಷ್ಟ. ಕಡಿವಾಣದಿಂದ ನೋವಾದರೆ ಕುದುರೆ ಬಾಯಿ ತೆರೆಯುತ್ತದೆ, ನಾಲಗೆ ಹೊರಹಾಕುತ್ತದೆ, ದವಡೆ ಅತ್ತಿತ್ತ ಆಡಿಸುತ್ತದೆ. ಇವು ಸವಾರನ ಕೈ ಒರಟು ಎಂಬುದರ ಕುರುಹುಗಳಾದ್ದರಿಂದ ತೀರ್ಪುಗಾರರು ಅಂಕ ಕಳೆಯಬೇಕೆಂದು ನಿಯಮ ಮಾಡಲಾಯಿತು. ಉದ್ದೇಶ ಒಳ್ಳೆಯದೇ. ಲಾಯಗಳು ಕಂಡುಕೊಂಡ ಉತ್ತರ ಮಾತ್ರ ಬೇರೆ. ಕೈಯನ್ನು ಹಗುರ ಮಾಡಿಕೊಳ್ಳಲು ವರ್ಷಗಳು ಬೇಕು, ಮೂತಿಯ ಸುತ್ತಣ ಪಟ್ಟಿಯನ್ನು ಎರಡು ರಂಧ್ರ ಬಿಗಿಯುವುದಕ್ಕೆ ಎರಡು ಕ್ಷಣ ಸಾಕು. ಬಾಯಿ ಮುಚ್ಚಿತು, ಕುರುಹು ಮಾಯವಾಯಿತು, ಅಂಕ ಉಳಿಯಿತು. ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಬೇಕೆಂಬುದು ಹಳೆಯ ರೂಢಿ. ಐರ್ಲೆಂಡಿನ ಸಂಶೋಧಕರ ನೇತೃತ್ವದ ತಂಡವೊಂದು ಸ್ಪರ್ಧೆಗಳಿಗೆ ಬಂದ 750 ಕುದುರೆಗಳನ್ನು ಅಳತೆಪಟ್ಟಿ ಹಿಡಿದು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡು ಬೆರಳಿನ ಸಡಿಲ ಕಂಡದ್ದು ಶೇ 7ರಷ್ಟು ಕುದುರೆಗಳಲ್ಲಿ ಮಾತ್ರ. ಶೇ 44ರಷ್ಟರಲ್ಲಿ ಅಳತೆಪಟ್ಟಿಯ ತುದಿಯೂ ಒಳಗೆ ಹೋಗಲಿಲ್ಲ. ಕುದುರೆಯ ಹಿತಕ್ಕೆಂದು ಮಾಡಿದ ನಿಯಮವೊಂದು ಕುದುರೆಯ ದೂರನ್ನೇ ಬಾಯಿಕಟ್ಟಿ ಅಡಗಿಸಿದ್ದು ಹೀಗೆ. ಕ್ರೌರ್ಯವೇ ಇಷ್ಟವೆಂದು ಯಾರೂ ಪಟ್ಟಿ ಬಿಗಿಯಲಿಲ್ಲ. ಬಿಗಿದವರಿಗೆ ಅಂಕಪಟ್ಟಿ ಬಹುಮಾನ ಕೊಟ್ಟಿತು.

ಇಲ್ಲಿ ಒಂದು ಆಕ್ಷೇಪವಿದೆ, ಅದು ಹಗುರವಾದದ್ದೂ ಅಲ್ಲ. ಡೆನ್ಮಾರ್ಕಿನಲ್ಲಿ ಸ್ಪರ್ಧೆಗಳಿಗೆ ಬಂದ 3,143 ಕುದುರೆಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಶೇ 9ರಷ್ಟು ಕುದುರೆಗಳ ತುಟಿಯ ಅಂಚಿನಲ್ಲಿ ಗಾಯ ಅಥವಾ ರಕ್ತ ಕಂಡಿತು. ಪಟ್ಟಿ ಸಡಿಲವಿದ್ದ ಕುದುರೆಗಳಲ್ಲಿ ಇಂಥ ಗಾಯ ಹೆಚ್ಚೇ ಇತ್ತು. ಬಿಗಿ ಪಟ್ಟಿಯ ಪರವಾಗಿರುವವರು ಇದನ್ನು ಮತ್ತೆ ಮತ್ತೆ ಎತ್ತಿ ತೋರಿಸುತ್ತಾರೆ: ನೋಡಿ, ಸಡಿಲಿಸಿದರೆ ಗಾಯ ಜಾಸ್ತಿ. ಅಂಕಿ ನಿಜ, ಅದರಿಂದ ತೆಗೆದ ಪಾಠ ಸರಿಯಲ್ಲ. ಬಾಯಿ ಅಲುಗದಂತೆ ಕಟ್ಟಿದಾಗ ಕಡಿವಾಣ ತುಟಿಯ ಅಂಚಿಗೆ ಉಜ್ಜುವುದು ಕಡಿಮೆಯಾಗಬಹುದು. ಆದರೆ ಕೈಯ ಎಳೆತ ಕಡಿಮೆಯಾಗುವುದಿಲ್ಲ, ಅದು ನಾಲಗೆಯ ಮೇಲೆ, ದವಡೆಯ ಮೂಳೆಯ ಮೇಲೆ, ಹಲ್ಲಿಗೆ ಒತ್ತಿದ ಕೆನ್ನೆಯ ಒಳಪದರದ ಮೇಲೆ ಹೋಗಿ ಬೀಳುತ್ತದೆ. ಅಲ್ಲಿ ತುಟಿ ನೋಡುವ ಪರೀಕ್ಷಕರ ಕಣ್ಣು ಹೋಗುವುದಿಲ್ಲ. ಈ ಅಧ್ಯಯನ ನಿಜವಾಗಿ ಹೇಳುವುದು, ಉಪಕರಣವೊಂದನ್ನೇ ತಿದ್ದಿ ಸುಮ್ಮನಾಗುವ ಸುಧಾರಣೆ ಸಾಲದು ಎಂದು. 2025ರಿಂದ ಎಫ್‌ಇಐ ತನ್ನ ಸ್ಪರ್ಧೆಗಳಲ್ಲಿ ಮೂತಿಪಟ್ಟಿಯ ಸಡಿಲವನ್ನು ಅಳೆಯುವ ಸಾಧನ ತಂದಿದೆ. ಬೆರಳಿನ ದಪ್ಪದ ಬಗ್ಗೆ ನಡೆಯುತ್ತಿದ್ದ ವಾದ ಅದರಿಂದ ಮುಗಿದದ್ದು ಲಾಭ. ಪಟ್ಟಿ ಸಡಿಲಿಸಿ ಕೈಯ ಒರಟುತನ ಹಾಗೇ ಉಳಿದರೆ ನೋವು ಜಾಗ ಬದಲಿಸುತ್ತದೆ, ಅಷ್ಟೇ. ಸಡಿಲ ಪಟ್ಟಿಯ ಕುದುರೆ ಬಾಯಿ ತೆರೆದಾಗ ಅದನ್ನು ಕುದುರೆಯ ಅವಿಧೇಯತೆಯೆಂದು ಓದದೆ ಸವಾರನ ಕೊರತೆಯೆಂದು ಓದಿ, ಸವಾರನ ಹೆಸರಿನಲ್ಲಿ ಅಂಕ ಕಳೆದಾಗ ಮಾತ್ರ ಮನೆಯಲ್ಲಿ ಕೈ ಹಗುರವಾಗುತ್ತದೆ.

ಇನ್ನೊಂದು ಆಕ್ಷೇಪವನ್ನು ಸವಾರರೂ ಮಾಲೀಕರೂ ಒಟ್ಟಾಗಿ ಹೇಳುತ್ತಾರೆ: ಇವು ಕೋಟಿಗಟ್ಟಲೆ ಬೆಲೆಯ ಪ್ರಾಣಿಗಳು, ಇವಕ್ಕೆ ಹಿಂಸೆ ಕೊಟ್ಟು ನಷ್ಟ ಮಾಡಿಕೊಳ್ಳುವ ಮೂರ್ಖ ಯಾರು? ಉತ್ತರ ಟೋಟಿಲಾಸ್ ಎಂಬ ಕಪ್ಪು ಗಂಡುಕುದುರೆಯ ಬದುಕಿನಲ್ಲಿದೆ. 90 ಪ್ರತಿಶತ ದಾಟಿ ಅಂಕ ಪಡೆದು, 2010ರ ವಿಶ್ವಕೂಟದಲ್ಲಿ ಮೂರು ಚಿನ್ನ ಗೆದ್ದ ಅದು ಅದೇ ವರ್ಷ ನೆದರ್ಲೆಂಡ್ಸ್‌ನಿಂದ ಜರ್ಮನಿಗೆ ಮಾರಾಟವಾಯಿತು. ಬೆಲೆ ಸುಮಾರು ಒಂದು ಕೋಟಿ ಯೂರೊ ಎಂದು ಪತ್ರಿಕೆಗಳು ಬರೆದವು. ಮುಂಗಾಲನ್ನು ಆಕಾಶಕ್ಕೆ ಎಸೆದಂತೆ ಎತ್ತುವ ಅದರ ನಡೆಯಲ್ಲಿ ಹಿಂಗಾಲು ಅಷ್ಟೇ ತೂಗುವುದಿಲ್ಲ ಎಂದು ಹಳೆಯ ತರಬೇತುದಾರರು ಗೊಣಗಿದರೂ ಅಂಕ ಸುರಿಯಿತು. ಬಳಿಕ ಗಾಯಗಳು, ಬಿಡುವು, ಮತ್ತೆ ಸ್ಪರ್ಧೆ. 2015ರ ಆಗಸ್ಟ್‌ನಲ್ಲಿ ಆಖೆನ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅದು ಅಂಗಳಕ್ಕೆ ಬಂದಾಗ ಹಿಂಗಾಲಿನ ನಡೆ ಸಮವಿಲ್ಲದಿರುವುದು ಟಿವಿ ನೋಡುವವರಿಗೂ ಕಾಣುತ್ತಿತ್ತು. ಗಂಟೆ ಬಾರಿಸಿ ನಿಲ್ಲಿಸುವ ಅಧಿಕಾರ ತೀರ್ಪುಗಾರರಿಗಿತ್ತು. ಗಂಟೆ ಬಾರಿಸಲಿಲ್ಲ, 75 ಪ್ರತಿಶತ ದಾಟಿದ ಅಂಕ ಬಂತು. ಆಮೇಲೆ ಪರೀಕ್ಷಿಸಿದಾಗ ಕಾಲಿನ ಮೂಳೆಯಲ್ಲಿ ಉರಿಯೂತ ಪತ್ತೆಯಾಗಿ, ಕುದುರೆಯನ್ನು ಸ್ಪರ್ಧೆಯಿಂದಲೇ ನಿವೃತ್ತಿಗೊಳಿಸಿದರು. ಬೆಲೆ ರಕ್ಷಣೆ ಕೊಡುತ್ತದೆ ಎಂಬ ನಂಬಿಕೆ ಅಲ್ಲಿಗೆ ಕೊನೆಯಾಗಬೇಕಿತ್ತು. ಹಾಕಿದ ದುಡ್ಡು ಹೆಚ್ಚಿದಷ್ಟೂ ಪ್ರಾಣಿ ಬೇಗ ಗೆಲ್ಲಬೇಕೆಂಬ ಅವಸರ ಹೆಚ್ಚುತ್ತದೆ. 2023ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ಟಿವಿ 2 ವಾಹಿನಿ ಗುಟ್ಟಾಗಿ ಚಿತ್ರೀಕರಿಸಿ ತೋರಿಸಿದ್ದೂ ಬಡ ಲಾಯವೊಂದನ್ನಲ್ಲ; ಜಗತ್ತಿನ ಅತಿ ದೊಡ್ಡ ಡ್ರೆಸ್ಸೇಜ್ ವ್ಯಾಪಾರಿ ಲಾಯಗಳಲ್ಲಿ ಒಂದನ್ನು. ಅಲ್ಲಿನ ಕುದುರೆಗಳ ಮೈಮೇಲೆ ಚಾಟಿಯ ಬರೆ, ಹಿಮ್ಮಡಿ ಮುಳ್ಳಿನ ಗಾಯ, ಬಾಯಿಯಲ್ಲಿ ರಕ್ತ ಕಂಡವು.

ಆರು ನೂರು ಕಿಲೊ ತೂಗುವ ಪ್ರಾಣಿಯನ್ನು ಬಲವಂತದಿಂದ ಕುಣಿಸಲು ಸಾಧ್ಯವೇ, ಇಷ್ಟವಿಲ್ಲದಿದ್ದರೆ ಅದು ಸವಾರನನ್ನು ಕೆಡವದೇ ಎಂಬ ಮಾತೂ ಇದೆ. ಕುದುರೆ ಬೇಟೆಗೆ ಗುರಿಯಾಗುತ್ತಾ ಬಂದ ಜಾತಿಯ ಪ್ರಾಣಿ. ನೋವನ್ನು ಹೊರಗೆ ತೋರಿಸಿದ್ದು ಹುಲ್ಲುಗಾವಲಿನಲ್ಲಿ ಉಳಿಯುತ್ತಿರಲಿಲ್ಲ. ಅದು ಕಲಿಯುವುದೇ ಒತ್ತಡ ಬಿಟ್ಟ ಕ್ಷಣದಲ್ಲಿ: ಹಿಮ್ಮಡಿ ಒತ್ತಿತು, ಹೆಜ್ಜೆ ಮುಂದಿಟ್ಟೆ, ಒತ್ತಡ ನಿಂತಿತು. ಹಿಮ್ಮಡಿ ಮುಂದಕ್ಕೆ ತಳ್ಳುತ್ತಿರುವಾಗಲೇ ಲಗಾಮು ಹಿಂದಕ್ಕೆ ಎಳೆದರೆ ಆ ಬಿಡುಗಡೆ ಬರುವುದೇ ಇಲ್ಲ. ಏನು ಮಾಡಿದರೂ ಒತ್ತಡ ತಪ್ಪದು ಎಂದು ತಿಳಿದ ಪ್ರಾಣಿ ಕೊನೆಗೆ ವಿರೋಧಿಸುವುದನ್ನೇ ಬಿಡುತ್ತದೆ, ಮತ್ತು ಆ ಶರಣಾಗತಿ ದೂರದಿಂದ ವಿಧೇಯತೆಯ ಹಾಗೇ ಕಾಣುತ್ತದೆ. ಇದನ್ನು ಬಿಡಿಸಿ ನೋಡಲು ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ 2018ರ ಹೊತ್ತಿಗೆ ಒಂದು ಪಟ್ಟಿ ಸಿದ್ಧಪಡಿಸಿದರು. ಸವಾರಿಯ ಹೊತ್ತಿನ ಇಪ್ಪತ್ನಾಲ್ಕು ವರ್ತನೆಗಳು ಅದರಲ್ಲಿವೆ: ಕಿವಿ ಹಿಂದಕ್ಕೆ ಒರಗುವುದು, ಬಾಲ ಬೀಸುವುದು, ಕಣ್ಣಿನ ಬಿಳಿಭಾಗ ತೋರುವುದು, ಬಾಯಿ ಮತ್ತೆ ಮತ್ತೆ ತೆರೆಯುವುದು ಇತ್ಯಾದಿ. ಎಂಟು ಅಥವಾ ಹೆಚ್ಚು ಕಂಡರೆ ಸ್ನಾಯು–ಮೂಳೆಗಳಲ್ಲಿ ನೋವಿರುವ ಸಾಧ್ಯತೆ ಹೆಚ್ಚು. ಅದೇ ಪಟ್ಟಿ ಹಿಡಿದು ಅತ್ಯುನ್ನತ ಸ್ಪರ್ಧೆಗಳನ್ನು ನೋಡಿದಾಗ ಬಹುಪಾಲು ಕುದುರೆಗಳು ಎಂಟರ ಕೆಳಗೇ ಇದ್ದವು ಎಂಬುದನ್ನು ಮರೆಮಾಚಬೇಕಿಲ್ಲ. ಡ್ರೆಸ್ಸೇಜ್ ಎಂದರೆಲ್ಲ ಹಿಂಸೆ ಎನ್ನುವವರ ವಾದಕ್ಕೆ ಅದು ಅಡ್ಡ ಬರುತ್ತದೆ, ಬರಲಿ. ನೋವಿಲ್ಲದೆ ಗೆಲ್ಲುವ ಕುದುರೆಗಳಿವೆ ಎಂದಾದರೆ ನೋವಿಗೆ ಕೊಡುತ್ತಿದ್ದ ಅನಿವಾರ್ಯತೆಯ ನೆಪ ಕಳಚಿಬೀಳುತ್ತದೆ.

ಈಗ ನಮ್ಮ ಅಂಗಳಕ್ಕೆ ಬರೋಣ. ಗಣಿ, ರೈಲು, ಕಟ್ಟಡದ ಕೆಲಸಗಳಿಗೆಂದು ಬಂದು ಗೋವಾದ ಕುಡಚಡೆ, ಸಾವರ್ಡೆಗಳಲ್ಲಿ ನೆಲೆಸಿದ ಉತ್ತರ ಕರ್ನಾಟಕದ ಮಂದಿಗೆ ಪ್ರಾಣಿಗಳ ಸ್ಪರ್ಧೆ ಹೊಸದೇನಲ್ಲ. ಹಾವೇರಿಯ ಕಡೆಯವರಿಗೆ ಹೋರಿ ಬೆದರಿಸುವುದು ಗೊತ್ತು, ಬಾಗಲಕೋಟೆಯ ಕಡೆಯವರಿಗೆ ಎತ್ತುಗಳ ತೆರೆಬಂಡಿ ಸ್ಪರ್ಧೆ ಗೊತ್ತು, ದಕ್ಷಿಣಕ್ಕೆ ಹೋದರೆ ಕಂಬಳ. ಕುಡಚಡೆಯಿಂದ ಪಶ್ಚಿಮಕ್ಕೆ, ಮಡಗಾಂವದ ಸುತ್ತಲ ಸಾಲಸೇಟ್ ತಾಲ್ಲೂಕಿನ ಗದ್ದೆಗಳಲ್ಲಿ ಧಿರಿಯೊ ಎಂಬ ಹೋರಿ ಕಾಳಗ. ಪ್ರೇಕ್ಷಕರೊಬ್ಬರು ಹೋರಿಯ ತಿವಿತಕ್ಕೆ ಸತ್ತ 1996ರಲ್ಲೇ, ಡಿಸೆಂಬರ್‌ನಲ್ಲಿ, ಬಾಂಬೆ ಹೈಕೋರ್ಟಿನ ಗೋವಾ ಪೀಠ ಧಿರಿಯೊವನ್ನು ನಿಷೇಧಿಸಿತು. ಆದರೂ ಗುಟ್ಟಾಗಿ ನಡೆಯುತ್ತಲೇ ಇದೆ. ಕಾನೂನುಬದ್ಧ ಮಾಡಿ ಎಂಬ ಬೇಡಿಕೆ ಗೋವಾ ವಿಧಾನಸಭೆಯಲ್ಲಿ ಆಗಾಗ ಏಳುತ್ತದೆ. ನಿಷೇಧಿಸಿದರೂ ನಿಲ್ಲದಿದ್ದ ಮೇಲೆ ನಿಯಮ ಮಾಡಿ ನಡೆಸುವುದೇ ಲೇಸು ಎಂಬುದು ಹಾಗೆ ಕೇಳುವವರ ತರ್ಕ. ಡ್ರೆಸ್ಸೇಜ್‌ಗೆ ಸುಧಾರಣೆ ಸಾಕೆನ್ನುವ ನಾನು ಧಿರಿಯೊಗೂ ಅದನ್ನೇ ಹೇಳಬೇಕಲ್ಲವೇ? ಹೇಳುವುದಿಲ್ಲ. ಧಿರಿಯೊದಲ್ಲಿ ಕೊಂಬಿನ ಪೆಟ್ಟೇ ಆಟ, ಒಂದು ಹೋರಿ ಸೋತು ಓಡುವುದೇ ಫಲಿತಾಂಶ. ಅದರ ಅಂಕಪಟ್ಟಿ ಹೇಗೆ ಬರೆದರೂ ನೋವನ್ನು ಹೊರಗಿಡಲಾಗದು. ಡ್ರೆಸ್ಸೇಜ್‌ನಲ್ಲಾಗಲಿ ಕಂಬಳದಲ್ಲಾಗಲಿ ನೋವು ಗೆಲುವಿನ ಒಂದು ಅಡ್ಡದಾರಿ. ಆ ದಾರಿ ಮುಚ್ಚಿದರೂ ಆಟ ಉಳಿಯುತ್ತದೆ. ಯಾವುದನ್ನು ನಿಷೇಧಿಸಬೇಕು, ಯಾವುದನ್ನು ತಿದ್ದಬೇಕು ಎಂಬ ಗೆರೆ ನನ್ನ ಪ್ರಕಾರ ಇಲ್ಲಿದೆ. ಸಂಪ್ರದಾಯ ಎಷ್ಟು ಹಳೆಯದು ಎಂಬುದಕ್ಕೂ ಈ ಗೆರೆಗೂ ಸಂಬಂಧವಿಲ್ಲ.

ಕಂಬಳದ ಕಾನೂನು ಸಮರ ಎಲ್ಲರಿಗೂ ನೆನಪಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳ ವಿರುದ್ಧ ತೀರ್ಪಿತ್ತಿತು, 2016ರ ಕೊನೆಗೆ ಕರ್ನಾಟಕ ಹೈಕೋರ್ಟ್ ಕಂಬಳಕ್ಕೆ ತಡೆ ಹಾಕಿತು, ಕರಾವಳಿ ಬೀದಿಗಿಳಿಯಿತು, 2017ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಗೆದ್ದೆವು ಎಂದು ಪಟಾಕಿ ಸಿಡಿಸಿದವರು ತೀರ್ಪಿನ ಆಧಾರವನ್ನು ಗಮನಿಸಿದಂತಿಲ್ಲ. ತಿದ್ದುಪಡಿ ಮತ್ತು ನಿಯಮಗಳು ಹಿಂಸೆಯನ್ನು ಗಣನೀಯವಾಗಿ ಕಡಿಮೆ ಮಾಡುತ್ತವೆ ಎಂಬ ಭರವಸೆಯ ಮೇಲೆ ಅದು ನಿಂತಿದೆ. ಭರವಸೆ ನಡೆಸಿಕೊಡುವ ಹೊಣೆ ಕಂಬಳದವರದು. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ ವಿಭಾಗಗಳಿಗೆ ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗಿನ ಸಮಯ ಲೆಕ್ಕ. ಕನೆ ಹಲಗೆಯಲ್ಲಿ ಚಿಮ್ಮಿದ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದ ನಿಶಾನೆ ಮುಟ್ಟಿತೇ ಎಂಬುದು ಲೆಕ್ಕ. ಸಮಯ ಅಳೆಯಲು ಲೇಸರ್ ಬಂದಿದೆ, ಸೆಕೆಂಡಿನ ನೂರನೇ ಒಂದು ಭಾಗವೂ ತಪ್ಪುವುದಿಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಅಂಗಳದಲ್ಲಿ, ಓಡಿಸುವವರಾದ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಲೆಕ್ಕ ಹಾಕಿತು. ಜೊತೆಗೆ ಓಡಿದ ಎರಡು ಕೋಣಗಳ ಉಸಿರು, ಹೃದಯಬಡಿತ, ಬೆನ್ನಿನ ಬರೆ ಯಾವ ಯಂತ್ರಕ್ಕೂ ಬೇಕಾಗಲಿಲ್ಲ. ಇಷ್ಟು ನಿಖರವಾಗಿ ವೇಗ ಅಳೆದು ಬಹುಮಾನ ಕೊಡುವ ಸ್ಪರ್ಧೆ, ಬೆತ್ತದ ಏಟಿಗೆ ಮಾತ್ರ ಮೇಲ್ವಿಚಾರಕರ ಅಂದಾಜನ್ನೇ ನಂಬಿದರೆ ಓಡಿಸುವವನ ಕೈಗೆ ಯಾವ ಸಂದೇಶ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕೋಣಗಳಿಗೆ ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಈಜಲು ಕೊಳ ಕಟ್ಟಿಸುತ್ತಾರೆ, ಮನೆಮಕ್ಕಳಂತೆ ನೋಡಿಕೊಳ್ಳುತ್ತಾರೆ ಎಂಬುದು ನಿಜ. ಆಖೆನ್‌ನ ಅಂಗಳಕ್ಕೆ ಬಂದ ಟೋಟಿಲಾಸ್‌ಗೂ ಸಾಕಣೆಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ಕಾನೂನು ಇದೆಯಲ್ಲ, ಹಿಂಸೆ ಮಾಡಿದವರ ಮೇಲೆ ಕೇಸು ಹಾಕಿ ಎಂಬ ಸಲಹೆಗೆ ಹೆಚ್ಚು ಹೊತ್ತು ಬೇಡ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಡಿ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಕುಡಚಡೆಯ ನಿಲ್ದಾಣದಲ್ಲಿ ಎರಡು ಚಹಾ, ಒಂದು ಪ್ಲೇಟು ಭಜಿಗೂ ಅದು ಸಾಲದು. ಕಾಯ್ದೆ ಬದಲಾಗಲಿ, ಬೇಗ ಬದಲಾಗಲಿ. ಆದರೆ ಕ್ರೀಡಾಪಟುವಿಗೆ ನ್ಯಾಯಾಲಯದ ದಂಡಕ್ಕಿಂತ ಹತ್ತಿರದ ಭಯ ಅಂಕದ್ದು.

ಸುಧಾರಣೆ ಎಲ್ಲಿಂದ ಶುರುವಾಗಬೇಕು ಎಂಬುದು ಇದರಿಂದಲೇ ಹೊರಡುತ್ತದೆ. ಎಫ್‌ಇಐ 2022ರಲ್ಲಿ ನೇಮಿಸಿದ ಕುದುರೆ ನೀತಿ ಮತ್ತು ಯೋಗಕ್ಷೇಮ ಆಯೋಗ 2023ರ ನವೆಂಬರ್‌ನಲ್ಲಿ ಅಂತಿಮ ವರದಿ ಕೊಟ್ಟಿತು. ಸದಾಶಯ ಅದರಲ್ಲಿ ತುಂಬಿದೆ. ಸದಾಶಯ 2010ರ ಲೋಸಾನ್ ತೀರ್ಮಾನದಲ್ಲೂ ಇತ್ತು. ನೋವಿನ ಕುರುಹುಗಳ ಪಟ್ಟಿಯನ್ನು ಅಂಕಪಟ್ಟಿಯೊಳಗೇ ಸೇರಿಸಿ, ಅದನ್ನು ನೋಡಲೆಂದೇ ತರಬೇತಾದ ಪಶುವೈದ್ಯರೊಬ್ಬರನ್ನು ತೀರ್ಪುಗಾರರ ಸಾಲಿನಲ್ಲಿ ಕೂರಿಸಿ, ಅವರು ಕಳೆದ ಅಂಕವನ್ನು ಉಳಿದವರು ಸರಿದೂಗಿಸಲಾಗದಂತೆ ಮಾಡಬೇಕು. ಎರಡು ಕಡಿವಾಣಗಳ ಲಗಾಮಿನ ಬದಲು ಒಂದೇ ಸರಳ ಕಡಿವಾಣ ಹಾಕಿ ಬರಲು ಎಲ್ಲ ಹಂತಗಳಲ್ಲೂ ಅವಕಾಶ ಕೊಡಬೇಕು. ಕಠಿಣ ಉಪಕರಣವಿಲ್ಲದೆಯೂ ಅದೇ ಚಲನೆ ತೋರಿಸಿದವರ ಕೌಶಲ ದೊಡ್ಡದೆಂದು ಅಂಕವೂ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಲಾಯದ ಬಾಗಿಲು. ಉದ್ದೀಪನ ಮದ್ದಿನ ಪರೀಕ್ಷಕರು ಕ್ರೀಡಾಪಟುವಿನ ಮನೆಗೆ ಮುಂಜಾನೆ ಹೇಳದೆ ಕೇಳದೆ ಬಂದು ಮೂತ್ರದ ಮಾದರಿ ಕೇಳುವುದನ್ನು ಜಗತ್ತು ಒಪ್ಪಿಕೊಂಡಿದೆ. ಮನುಷ್ಯನ ಖಾಸಗಿತನವನ್ನೇ ಅಷ್ಟು ಸಡಿಲಿಸಿದ ಮೇಲೆ, ಪರವಾನಗಿ ಪಡೆದ ತರಬೇತುದಾರರ ಅಂಗಳಕ್ಕೆ ಪಶುವೈದ್ಯರು ಮುನ್ಸೂಚನೆಯಿಲ್ಲದೆ ಹೋಗಿ ಕುದುರೆಯ ಬಾಯಿ, ಪಕ್ಕೆ, ಕಾಲು ನೋಡಲು ಯಾವ ತಾತ್ವಿಕ ಅಡ್ಡಿಯೂ ಇರಲಾರದು. ಖರ್ಚು ಎಂಬ ಆಕ್ಷೇಪ ಬರುತ್ತದೆ. ಒಂದು ಕೋಟಿ ಯೂರೊಗೆ ಕುದುರೆ ಕೊಳ್ಳುವವರ ಕ್ರೀಡೆ ಪಶುವೈದ್ಯರ ಪ್ರಯಾಣಭತ್ಯೆಗೆ ಬಡತನ ಹೇಳಿಕೊಂಡರೆ ನಂಬುವವರಿಲ್ಲ.

ಭಾರತದ ಈಕ್ವೆಸ್ಟ್ರಿಯನ್ ಫೆಡರೇಷನ್ ಇದಕ್ಕಾಗಿ ಎಫ್‌ಇಐ ಆದೇಶ ಕಾಯಬೇಕಾಗಿಲ್ಲ. ನಮ್ಮ ತಂಡದ ಚಿನ್ನದ ಕುದುರೆಗಳು ಯುರೋಪಿನಲ್ಲಿ ಕೊಂಡವು, ಸವಾರರು ಪಳಗಿದ್ದೂ ಬಹುಪಾಲು ಅಲ್ಲೇ. ಅಲ್ಲಿನ ಲಾಯಗಳ ಮೇಲೆ ನಮಗೆ ಹಿಡಿತವಿಲ್ಲ ನಿಜ. ಆದರೆ ಬೆಂಗಳೂರಿನಿಂದ ದೆಹಲಿಯವರೆಗೆ ದೇಶದೊಳಗೆ ನಡೆಯುವ ಸ್ಪರ್ಧೆಗಳು ನಮ್ಮವು, ಅಲ್ಲಿ ಅಂಕ ಕೊಡುವವರು ನಮ್ಮವರು, ಅಲ್ಲಿ ಕಲಿಯುತ್ತಿರುವ ಮಕ್ಕಳೂ ನಮ್ಮವರು. ಮೂತಿಪಟ್ಟಿಯ ಅಳತೆ, ಪಶುವೈದ್ಯರ ಅಂಕ, ಲಾಯದ ಅನಿರೀಕ್ಷಿತ ತಪಾಸಣೆ ಈ ಮೂರನ್ನೂ ದೇಶೀಯ ಸ್ಪರ್ಧೆಗಳಲ್ಲಿ ಮುಂದಿನ ಋತುವಿನಿಂದಲೇ ಶುರು ಮಾಡಬಹುದು. ಕರಾವಳಿಯ ಕಂಬಳ ಸಮಿತಿಗಳೂ ಕರೆಗಿಳಿಯುವ ಮುನ್ನ ಮತ್ತು ಹತ್ತಿದ ನಂತರ ಪ್ರತಿ ಕೋಣದ ಮೈ ಪರೀಕ್ಷಿಸಿ, ಹೊಸ ಬರೆ ಕಂಡ ಜೋಡಿಯ ಸಮಯ ಎಷ್ಟೇ ಕಡಿಮೆಯಿದ್ದರೂ ಆ ಓಟವನ್ನು ಲೆಕ್ಕದಿಂದ ಕೈಬಿಡುವ ನಿಯಮ ಬರೆಯಲಿ. ಲೇಸರ್ ಕೊಳ್ಳುವ ಶಕ್ತಿ ಇದ್ದ ಸಮಿತಿಗಳಿಗೆ ಇದು ಭಾರವಾಗದು.